ಐದು ಲೀಟರಿನ ಭಾಷಣ

ನಮ್ಮ ಜನರೇಟರ್ ಮಾವ ಭಾಷಣವನ್ನು ಗಂಟೆಯಲ್ಲಿ ಅಳೆಯುವವರಲ್ಲ, ಲೀಟರಿನಲ್ಲಿ ಅಳೆಯುತ್ತಾರೆ. ಮೂವತ್ತು ವರ್ಷದಿಂದ ವೇದಿಕೆಯ ಹಿಂದೆ ಡೀಸೆಲ್ ಜನರೇಟರ್ ಓಡಿಸುತ್ತಿರುವ ಅವರಿಗೆ ನಾಯಕರ ಬೆನ್ನುಗಳಷ್ಟೇ ಪರಿಚಯ. ಸ್ವಾಗತ ಭಾಷಣ ಕಾಲು ಲೀಟರ್, ರಸ್ತೆಯ ಭರವಸೆ ಎರಡು ಲೀಟರ್. ಹೊರದೇಶದ ಎಣ್ಣೆಯ ಹಂಗು ಬಿಡುತ್ತೇವೆ ಎನ್ನುವ ಭಾಷಣ ಮಾತ್ರ ಐದಕ್ಕೆ ಕಡಿಮೆ ಇಲ್ಲ. ಮೈಕಿನವನಾದ ನಾನೂ ಅದನ್ನು ಎಷ್ಟು ಸಲ ಕೇಳಿದ್ದೇನೋ! ಪ್ರತಿ ಸಲವೂ ಹತ್ತೇ ವರ್ಷ ಬಾಕಿ. ಪ್ರತಿ ಸಲವೂ 'ಒಂದು ಹನಿಯೂ ಬೇಡ' ಎನ್ನುವಲ್ಲಿ ಚಪ್ಪಾಳೆ.

ಈ ಸಲ ಇಂಧನ ಮಂತ್ರಿಗಳ ಸಭೆ ಸೋಲಾರ್‌ನಲ್ಲೇ ನಡೆಯಬೇಕೆಂದು ಅಪ್ಪಣೆಯಾಯಿತು. ಕೆಲಸ ಸಿಕ್ಕಿದ್ದು ಯಾರಿಗೆ? ಮಾವನ ಮಗಳಿಗೇ. ತರಬೇತಿ ಮುಗಿಸಿ ಅವಳು ಹಿಡಿದ ಮೊದಲ ಕೆಲಸ. ಇದು ಕೆಟ್ಟರೆ ಎರಡನೆಯದನ್ನು ಯಾರೂ ಕೊಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಬ್ಯಾಟರಿ ಎಷ್ಟು ಹೊತ್ತು ಬರುತ್ತಮ್ಮಾ?" ಎಂದರು ಮಾವ.

"ಒಂದು ಗಂಟೆ. ಭಾಷಣ ಮುಕ್ಕಾಲೇ ಗಂಟೆ ಅಪ್ಪ, ಆಹ್ವಾನ ಪತ್ರಿಕೇಲಿ ಅಚ್ಚಾಗಿದೆ ನೋಡು."

ಅಚ್ಚಾಗಿದ್ದನ್ನೆಲ್ಲ ನಂಬುವ ವಯಸ್ಸು, ಪಾಪ.

"ಇದು ಐದು ಲೀಟರಿಂದು ಕಣೇ."

"ನಿನ್ನ ಹಳೇ ಲೆಕ್ಕ ಬಿಡು. ಇವತ್ತೊಂದಿನ ಜನರೇಟರ್ ಮನೇಲೇ ಇರಲಿ."

ಮಾವ ಹೂಂ ಎಂದು ತಲೆಯಾಡಿಸಿದರು. ಹಾಗೆ ತಲೆಯಾಡಿಸಿದವರೇ ಜನರೇಟರನ್ನು ತಳ್ಳಿಕೊಂಡು ಬಂದು ಮೈದಾನದ ಗೋಡೆಯಾಚೆ ನಿಲ್ಲಿಸಿ, ಕಳ್ಳನ ಹಾಗೆ ನನ್ನ ಸ್ವಿಚ್ಚಿನವರೆಗೆ ವೈರು ಎಳೆದರು.

ಹೊತ್ತು ಮುಳುಗುವಾಗ ಮಂತ್ರಿಗಳು ಮೈಕ್ ಹಿಡಿದರು. ಮುಕ್ಕಾಲು ಗಂಟೆ ಕಳೆದರೂ ಅವರಿನ್ನೂ ತಮ್ಮ ತಾತನ ಸೈಕಲ್ಲಿನ ಕತೆಯಲ್ಲೇ ಇದ್ದರು. ಮಾತು ಮನೆ ಕೆಡಿಸಿತು ಅನ್ನುತ್ತಾರೆ, ಇಲ್ಲಿ ಬ್ಯಾಟರಿಯನ್ನೇ ಕೆಡಿಸುತ್ತಿತ್ತು. ಮೀಟರಿನ ಕೊನೆಯ ಗೆರೆ ಮಿನುಗತೊಡಗಿದಾಗ ಹುಡುಗಿಯ ಮುಖ ಬಿಳಿಚಿಕೊಂಡಿತು. ನಾನು ಗೋಡೆಯಾಚೆಗೆ ಓಡಿದೆ.

"ಮಾವ, ಸ್ಟಾರ್ಟ್ ಮಾಡಿ!"

"ಸುಮ್ನಿರೋ. ಈಗ ಹೊಡೆದರೆ ಊರಿಗೆಲ್ಲ ಕೇಳುತ್ತೆ, ಮಗಳ ಮಾನ ಹೋಗುತ್ತೆ." ಅವರು ಹ್ಯಾಂಡಲ್ ಹಿಡಿದು, ಕಣ್ಣು ಮುಚ್ಚಿ ಭಾಷಣ ಕೇಳುತ್ತಿದ್ದರು. "ಆ 'ಒಂದು ಹನಿ' ಮಾತು ಬರಲಿ. ನೀನು ಹೋಗಿ ಸ್ವಿಚ್ ಹತ್ರ ನಿಲ್ಲು."

ನಾನು ತಿರುಗಿ ಬರುವುದಕ್ಕೂ ಮಂತ್ರಿಗಳು ಮುಷ್ಟಿ ಎತ್ತುವುದಕ್ಕೂ ಸರಿಹೋಯಿತು.

"ಇನ್ನು ಹತ್ತೇ ವರ್ಷ! ಆಮೇಲೆ ಹೊರದೇಶದ ಎಣ್ಣೆ ನಮಗೆ ಒಂದು ಹನಿಯೂ ಬೇಡ!"

ಚಪ್ಪಾಳೆಯೋ ಚಪ್ಪಾಳೆ. ಆ ಗದ್ದಲದಲ್ಲೇ ಗೋಡೆಯಾಚೆ ಡೀಸೆಲ್ ಇಂಜಿನ್ ಎದ್ದಿತು. ನಾನು ಸ್ವಿಚ್ಚನ್ನು ಬ್ಯಾಟರಿಯಿಂದ ಜನರೇಟರಿಗೆ ತಿರುಗಿಸಿದೆ. ದೀಪಗಳು ಒಮ್ಮೆ ಕಣ್ಣು ಮಿಟುಕಿಸಿ ಮತ್ತೆ ನೆಟ್ಟಗೆ ಉರಿದವು. ಚಪ್ಪಾಳೆ ನಿಂತ ಮೇಲೆ ಇಂಜಿನ್ನಿನ ಸದ್ದು ಕೇಳಿಸದ ಹಾಗೆ ಮೈಕಿನ ದನಿ ಏರಿಸಿದೆ.

ಮತ್ತೂ ಒಂದು ಗಂಟೆ ಮಾತಾಡಿದ ಮಂತ್ರಿಗಳು ಹುಡುಗಿಯನ್ನು ವೇದಿಕೆಗೆ ಕರೆದು ಸೂರ್ಯನ ಮಗಳು ಎಂದು ಹೊಗಳಿದರು. ಅವಳು ನೆಲ ನೋಡುತ್ತ ನಿಂತಿದ್ದಳು. ಆ ಇಂಜಿನ್ನಿನ ಪಕ್ಕದಲ್ಲೇ ಆಡಿ ಬೆಳೆದವಳಿಗೆ ಅದರ ಸದ್ದು ಕೇಳಿಸದೆ ಇರುತ್ತದೆಯೇ?

ಜನ ಕರಗಿದ ಮೇಲೆ ನೇರ ಗೋಡೆಯಾಚೆ ಹೋಗಿ ಇಂಜಿನ್ನಿನ ಮೇಲೆ ಕೈಯಿಟ್ಟಳು.

"ಇದ್ಯಾಕಪ್ಪಾ ಇಷ್ಟು ಸುಡ್ತಿದೆ?"

"ಬಿಸಿಲಿಗೆ ಕಾದಿದೆ ಕಣಮ್ಮ," ಎಂದರು ಮಾವ, ಆ ಕತ್ತಲಲ್ಲಿ.

ಅವಳಿಗೆ ನಗುವೂ ಬಂತು, ಅಳುವೂ ಬಂತು. ಅಂಗಿಯ ತೋಳಿನಿಂದ ಅಪ್ಪನ ಕೆನ್ನೆಯ ಮಸಿ ಒರೆಸಿದಳು. ಆಮೇಲೆ ಜೇಬಿನಿಂದ ನೋಟ್‌ಬುಕ್ ತೆಗೆದು, 'ಮುಕ್ಕಾಲು ಗಂಟೆ' ಎಂದು ಬರೆದಿದ್ದನ್ನು ಹೊಡೆದುಹಾಕಿದಳು.

"ಮುಂದಿನ ಸಲ ಐದು ಲೀಟರಿನ ಬ್ಯಾಟರಿ ತರ್ತೀನಿ ಅಪ್ಪ."

"ಆರು ಅಂತ ಬರ್ಕೋ," ಎಂದರು ಮಾವ. "ಚುನಾವಣೆ ಹತ್ರ ಬಂತು."