ತೊಳೆದಿಟ್ಟ ಕಂಪ್ಯೂಟರು

ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಆ ವರ್ಷಗಳಲ್ಲಿ ಹೊಸಪೇಟೆಯ ನಮ್ಮ ಮನೆಯಲ್ಲಿ ತೊಳೆಯುವ ಕೆಲಸ ಮುಗಿಯುತ್ತಲೇ ಇರಲಿಲ್ಲ. ಬೆಳಿಗ್ಗೆ ಒರೆಸಿದ ಕಿಟಕಿಯ ಅಂಚಿನ ಮೇಲೆ ಮಧ್ಯಾಹ್ನ ಕೆಂಪು ಧೂಳಿನಲ್ಲಿ ಬೆರಳಿನಿಂದ ಹೆಸರು ಬರೆಯಬಹುದಿತ್ತು. ಒಣಹಾಕಿದ ಬಿಳಿ ಪಂಚೆ ಕಾವಿಯಾಗಿ ಒಳಗೆ ಬರುತ್ತಿತ್ತು; ಸನ್ಯಾಸ ಇಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ. ಕರಿಬೇವನ್ನು ಮೂರು ನೀರಿನಲ್ಲಿ ತೊಳೆದು ಒಗ್ಗರಣೆಗೆ ಹಾಕುತ್ತಿದ್ದೆವು. ಏನೇ ಅನುಮಾನ ಬಂದರೂ ಮೊದಲು ತೊಳೆ, ಆಮೇಲೆ ನೋಡು: ಇದು ನಮ್ಮ ಕಡೆಯವರೆಲ್ಲರ ಕೈಗೆ ಹತ್ತಿದ ರೂಢಿ. ನನ್ನ ತಪ್ಪನ್ನು ಊರಿನ ಮೇಲೆ ಹಾಕುತ್ತಿದ್ದೇನೆ ಎಂದಲ್ಲ. ಹಾಕಿದರೂ ಊರಿಗೆ ತಿಳಿಯುತ್ತಿರಲಿಲ್ಲ, ಅದರ ಮೇಲೆ ಆಗಲೇ ಅಷ್ಟು ಬಿದ್ದಿತ್ತು.

ಅಂಥ ಮನೆಗೆ ಕಂಪ್ಯೂಟರ್ ಬಂತು. ನಾನು ಒಂದು ಕಾಲೇಜಿನ ಗ್ರಂಥಪಾಲಕ. ಕಪಾಟಿಗೆ ಗೆದ್ದಲು ಹತ್ತುವ ಮೊದಲೇ ಗೆದ್ದಲಿನ ಕನಸು ಬೀಳುವ ಜಾತಿಯ ಮನುಷ್ಯ. ಗೆದ್ದಲಾದರೂ ಕಣ್ಣಿಗೆ ಕಾಣುತ್ತದೆ. ವೈರಸ್ ಎಂಬುದು ಕಾಣದೆ ಬಂದು ಕಾಣದೆ ತಿನ್ನುತ್ತದೆ ಎಂದು ಪತ್ರಿಕೆಯಲ್ಲಿ ಓದಿದ ಮೇಲೆ ನನ್ನ ಊಟದ ರುಚಿ ಕೆಟ್ಟಿತು. ಮನೆಗೆ ಇಂಟರ್‌ನೆಟ್ ಲೈನೇ ಬೇಡವೆಂದೆ. ಒಂದು ಸಾಲದೆಂದು ಎರಡು ಆಂಟಿವೈರಸ್ ಹಾಕಿಸಿದೆ. ಅವು ಒಂದನ್ನೊಂದು ಕಳ್ಳನೆಂದು ತಿಳಿದು ಜಗಳಾಡುತ್ತ ಕಂಪ್ಯೂಟರನ್ನು ಎತ್ತಿನ ಗಾಡಿ ಮಾಡಿಬಿಟ್ಟವು. ಮಾನಿಟರಿನ ಹಣೆಗೆ ಮೂರೆಳೆ ವಿಭೂತಿ ಹಚ್ಚಿದೆ. ಹೊರಗಿನ ಸಿ.ಡಿ., ಪೆನ್‌ಡ್ರೈವ್ ಯಾವುದನ್ನೂ ಯಾರೂ ಹಾಕಕೂಡದೆಂದು ಕಟ್ಟಪ್ಪಣೆ ಮಾಡಿದೆ.

ಯಾರೂ ಎಂದರೆ ಇದ್ದವಳು ಒಬ್ಬಳೇ, ನನ್ನ ಹೆಂಡತಿ. ಸಂಡೂರಿನಾಚೆ ಯಶವಂತನಗರದ ಪ್ರಾಥಮಿಕ ಶಾಲೆಯಲ್ಲಿ ಟೀಚರು. ದಿನವೂ ಲಾರಿಗಳ ಹಿಂದೆ ಬಸ್ಸಿನಲ್ಲಿ ಹೋಗಿ, ಲಾರಿಗಳ ಹಿಂದೆಯೇ ವಾಪಸು ಬರುತ್ತಿದ್ದಳು. ಗಣಿ ಕೆಲಸಕ್ಕೆಂದು ಎಲ್ಲೆಲ್ಲಿಂದಲೋ ಬಂದವರ ಮಕ್ಕಳು ವರ್ಷದ ನಡುವೆ ಅವಳ ತರಗತಿಗೆ ಬಂದು ಕೂರುತ್ತಿದ್ದರು. ಕನ್ನಡ ಬಾರದು. ಮೊದಲ ವರ್ಷ ಒಂದು ಪುಟ್ಟ ಹುಡುಗಿ ಒಂದಕ್ಕೆ ಹೋಗಬೇಕೆಂದು ಹೇಳಲಾರದೆ ಕೂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡು ಅತ್ತಿದ್ದಳಂತೆ. ಅಂದಿನಿಂದ ನನ್ನ ಹೆಂಡತಿ ಒಂದು ಪದಪಟ್ಟಿ ಶುರುಮಾಡಿದಳು. ಕನ್ನಡದ ಮಾತು, ಅದರ ಮುಂದೆ ತೆಲುಗು, ಲಂಬಾಣಿ, ಹಿಂದಿ. ಎಲ್ಲ ಮಕ್ಕಳ ಬಾಯಿಂದ ಕೇಳಿ ಬರೆದುಕೊಂಡದ್ದು. ನಾಲ್ಕು ವರ್ಷ, ಭಾನುವಾರಕ್ಕೆ ಒಂದಿಷ್ಟರಂತೆ, ಚೀಟಿಗಳನ್ನು ನೋಡಿ ಟೈಪು ಮಾಡಿ, ಚೀಟಿಗಳನ್ನು ಎಸೆಯುತ್ತಿದ್ದಳು. ಕೊನೆಗೆ ಸಂಡೂರಿನಲ್ಲಿ ಗಣಿ ಕಡೆಯ ಶಾಲೆಗಳ ಶಿಕ್ಷಕರಿಗೆ ತರಬೇತಿ ಇಟ್ಟರು. ಆ ಪಟ್ಟಿಯನ್ನು ಅಚ್ಚು ಹಾಕಿ ಎಲ್ಲರಿಗೂ ಹಂಚುತ್ತೇವೆ, ಬುಧವಾರ ತನ್ನಿ ಎಂದರು. ಅವಳು ಯಾವತ್ತೂ ಯಾವುದಕ್ಕೂ ಕಾದವಳಲ್ಲ. ಆ ಬುಧವಾರಕ್ಕೆ ಕಾಯುತ್ತಿದ್ದಳು.

ಅದರದೊಂದು ಪ್ರತಿಯನ್ನು ಶಾಲೆಯ ಕಂಪ್ಯೂಟರಿನಲ್ಲೂ ಇಡುತ್ತೇನೆ ಎಂದು ಹಿಂದೊಮ್ಮೆ ಕೇಳಿದ್ದಳು. ಸರ್ಕಾರಿ ಕಂಪ್ಯೂಟರಿನಲ್ಲಿ ಏನೇನಿರುತ್ತದೋ, ಪೆನ್‌ಡ್ರೈವ್ ಹೋಗಿ ಬಂದರೆ ರೋಗ ತರುತ್ತದೆ ಎಂದು ನಾನೇ ಬೇಡವೆಂದಿದ್ದೆ.

ರೋಗವನ್ನು ತಂದವನೂ ನಾನೇ. ಮನೆಯಲ್ಲಿ ನೆಟ್ ಇಲ್ಲದ್ದರಿಂದ ಆಂಟಿವೈರಸ್ಸಿಗೆ ವಾರವಾರ ಹೊಸ ಮದ್ದನ್ನು ಬಸ್‌ಸ್ಟ್ಯಾಂಡ್ ಹತ್ತಿರದ ನೆಟ್ ಸೆಂಟರಿನಿಂದ ಪೆನ್‌ಡ್ರೈವಿನಲ್ಲಿ ಇಳಿಸಿಕೊಂಡು ತರುತ್ತಿದ್ದೆ. ಕಳೆದೀತೆಂಬ ಭಯಕ್ಕೆ ಅದನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದೆ. "ಏನ್ರಿ, ಲಿಂಗದ ಜೋಡಿ ಇದನ್ನೂ ಕಟ್ಗಂಡೀರಿ? ದೀಕ್ಷಾ ಯಾರ ಕೊಟ್ರು?" ಎಂದು ಕಾಲೇಜಿನ ಗುಮಾಸ್ತರು ದಿನಾ ಕೆಣಕುತ್ತಿದ್ದರು. ಆ ಶುಕ್ರವಾರ ಮದ್ದಿನ ಜೊತೆಗೆ ರೋಗವೂ ಅದೇ ದಾರದಲ್ಲಿ ನನ್ನ ಎದೆಗೆ ಅಂಟಿಕೊಂಡು ಮನೆಗೆ ಬಂತು.

ಶನಿವಾರ ಹೆಂಡತಿ ಬೆಳಗಿನ ಶಾಲೆಗೆ ಹೋದ ಮೇಲೆ ಕಂಪ್ಯೂಟರ್ ಹಚ್ಚಿದೆ. ಅವಳ ಫೋಲ್ಡರಿನ ಜಾಗದಲ್ಲಿ ಅದರಂತೆಯೇ ಕಾಣುವ ಇನ್ನೇನೋ ಕೂತಿತ್ತು. ಒತ್ತಿದರೆ ಒಳಗೆ ಪಟ್ಟಿ ಇಲ್ಲ. ಇನ್ನೊಮ್ಮೆ ಒತ್ತಿದೆ, ಅಂಥದೇ ಇನ್ನೆರಡು ಹುಟ್ಟಿದವು. ರಿಪೇರಿಯವರಿಗೆ ಫೋನ್ ಮಾಡಿದೆ. ಕಂಪ್ಲಿ ಕಡೆಯವರು, ನನ್ನದೇ ವಯಸ್ಸು. ಆ ಕಾಲದಲ್ಲಿ ಅವರು ಗಣಿ ಕಂಪನಿಗಳ ಆಫೀಸು ಬಿಟ್ಟು ಮನೆಗಳಿಗೆ ಬರುವುದೇ ಅಪರೂಪ. ಅವತ್ತೂ ಯಾವುದೋ ಆಫೀಸಿನಲ್ಲಿದ್ದರು.

"ಸರ, ಏನೂ ಮುಟ್ಟಬ್ಯಾಡ್ರಿ. ಆಫ್ ಮಾಡಿ ಸುಮ್ನ ಕುಂದ್ರಿ. ಸೋಮವಾರ ಬರ್ತೀನಿ" ಎಂದರು.

ಸುಮ್ಮನೆ ಕೂರುವುದು ನನಗೆ ಜನ್ಮದಲ್ಲಿ ಬಾರದ ವಿದ್ಯೆ. ಆಫ್ ಮಾಡಿದ್ದರೂ ಒಳಗೆ ಅದು ಏನನ್ನೋ ಮೆಲ್ಲುತ್ತಿದೆ ಎನ್ನಿಸಿತು. ಪಟ್ಟಿ ಹೇಗೂ ಹೋಯಿತು, ಇನ್ನು ಉಳಿದಿರುವುದೆಲ್ಲ ಕೊಳೆ ಎಂದು ತೀರ್ಮಾನಿಸಿದೆ. ಹೆಂಡತಿ ಬರುವಷ್ಟರಲ್ಲಿ ತೊಳೆದುಬಿಡಬೇಕು. ಅಂಗಡಿಯವರು ಕೊಟ್ಟಿದ್ದ ಸಿ.ಡಿ. ಹಾಕಿ ಪೂರ್ತಿ ಫಾರ್ಮ್ಯಾಟ್ ಮಾಡಿದೆ. ವಿಂಡೋಸ್ ಹೊಸದಾಗಿ ಹಾಕಿದೆ, ಎರಡೂ ಆಂಟಿವೈರಸ್ ಹಾಕಿದೆ. ಸಮಾಧಾನವಾಗದೆ ಮೂರನೆಯದನ್ನೂ ಹಾಕಿದೆ. ಪರದೆ ತೊಳೆದ ತಟ್ಟೆಯಂತೆ ಹೊಳೆಯಿತು.

ವೈರಸ್ ಎಲ್ಲ ತಿಂದುಬಿಟ್ಟಿತು ಎಂದು ಅವಳಿಗೆ ಹೇಳಿದೆ. ಅವಳು ಬ್ಯಾಗನ್ನು ತೊಡೆಯ ಮೇಲಿಂದ ಇಳಿಸದೆ ಬಹಳ ಹೊತ್ತು ಕೂತಳು. ಭಾನುವಾರ ಟೈಪು ಮಾಡುವ ಹೊತ್ತಿಗೆ ಅಭ್ಯಾಸದಂತೆ ಕಂಪ್ಯೂಟರಿನ ಕುರ್ಚಿಯಲ್ಲಿ ಕೂತು ಎದ್ದು ಹೋದಳು.

ಸೋಮವಾರ ಮಧ್ಯಾಹ್ನ, ಅವಳು ಶಾಲೆಯಲ್ಲಿರುವಾಗ, ರಿಪೇರಿಯವರು ಬಂದರು. ಹೊಳೆಯುವ ಪರದೆ ನೋಡಿ ಮೌಸಿನ ಮೇಲಿನ ಕೈ ತೆಗೆದರು. ನಾನು ಸ್ವಚ್ಛ ಮಾಡಿದ್ದನ್ನು ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದೆ.

"ಆ ವೈರಸ್ ಫೈಲ್ ತಿನ್ನಂಗಿಲ್ರಿ ಸರ. ಕಾಣದಂಗ ಬಚ್ಚಿಡತೈತಿ, ಅಷ್ಟ. ಎಲ್ಲಾ ಒಳಗ ಇತ್ತು. ಹತ್ತು ನಿಮಿಷದ ಕೆಲಸ" ಎಂದರು.

ಅವರಿಗೆ ನೀರು ತರಲೆಂದು ಅಡುಗೆಮನೆಗೆ ಹೋಗಿ, ನಾನೇ ಕುಡಿದು ಬರಿಗೈಯಲ್ಲಿ ಬಂದೆ.

ಒಳ್ಳೆಯ ಮನುಷ್ಯ, ಬೈಯಲಿಲ್ಲ. ಅಳಿಸಿದ್ದನ್ನು ಹುಡುಕುವ ಒಂದು ಸಾಫ್ಟ್‌ವೇರ್ ಓಡಿಸಿದರು. ನಾನು ಅಳಿಸಿದ್ದರ ಮೇಲೆ ವಿಂಡೋಸು, ಅದರ ಮೇಲೆ ಮೂರು ಆಂಟಿವೈರಸ್ಸು ತುಂಬಿದ್ದೆನಲ್ಲ, ಬಹಳಷ್ಟು ಅವುಗಳ ಕಾಲಡಿ ಸಿಕ್ಕಿ ಹೋಗಿತ್ತು. ಮೂರು ತಾಸಿಗೆ ಹೆಸರಿಲ್ಲದ ತುಂಡು ಫೈಲುಗಳ ರಾಶಿ ಬಂತು. ಕನ್ನಡ ಫಾಂಟ್ ಹಾಕಿ ಒಂದೊಂದನ್ನೇ ತೆರೆದು ತೋರಿಸುತ್ತ, ಮೇಡಂ ಪಟ್ಟಿಯಲ್ಲಿ ಏನೇನಿತ್ತು, ಮೊದಲ ಸಾಲು ಯಾವುದು, ಯಾವುದು ಹೊಸ ಪ್ರತಿ, ಯಾವುದು ಹಳೆಯದು ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ನಾಲ್ಕು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತು ವೈರಸ್ ಬಗ್ಗೆ ಓದಿದವನು, ಆ ಫೈಲನ್ನು ಒಮ್ಮೆಯೂ ತೆರೆದು ಓದಿರಲಿಲ್ಲ. ಒಂದು ಪದವನ್ನೂ ಹೇಳಲಾರದೆ ನಿಂತ ಗ್ರಂಥಪಾಲಕನನ್ನು ಅವರು ಒಮ್ಮೆ ನೋಡಿ ಪರದೆಯ ಕಡೆ ತಿರುಗಿದರು.

ಅಷ್ಟರಲ್ಲಿ ಅವಳು ಬಂದಳು. ನಲ್ಲಿಯಲ್ಲಿ ಮುಖ ತೊಳೆದುಕೊಂಡಳು, ಕೆಂಪು ನೀರು ಹರಿಯಿತು. ರಿಪೇರಿಯವರು ನನ್ನ ಮಾನ ಉಳಿಸಲು, ಈ ವೈರಸ್ ಭಾಳ ಕೆಟ್ಟದೆಂದು ಶುರುಮಾಡಿದ್ದರು. ನಾನೇ ತಡೆದು ಇದ್ದದ್ದನ್ನು ಹೇಳಿದೆ. ಫೈಲು ಒಳಗೇ ಇತ್ತು, ಮುಟ್ಟಬೇಡಿ ಎಂದಿದ್ದರು, ತೊಳೆದವನು ನಾನು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಪೆಟಗಿ ಚಲೋ ಕಾಯ್ದ್ರಿ. ಒಳಗ ಏನೈತಿ ಅಂತ ಒಂದಿನ ತಗದು ನೋಡಿದ್ದಿಲ್ಲೇನ್ರಿ?" ಎಂದಳು. ಕುರ್ಚಿ ಎಳೆದುಕೊಂಡು ತುಂಡುಗಳನ್ನು ನೋಡತೊಡಗಿದಳು.

ಒಂದೊಂದು ಸಾಲು ಸಿಕ್ಕಾಗಲೂ ಅದನ್ನು ಯಾವ ಮಗು ಹೇಳಿತ್ತೆಂದು ರಿಪೇರಿಯವರಿಗೆ ಹೇಳುತ್ತಿದ್ದಳು, ನನಗಲ್ಲ. ಹಸಿವು, ಆಕಲಿ, ಭೂಕ್: ಇದು ಬೆಲ್ಲ ಕದಿಯುತ್ತಿದ್ದವನು ಹೇಳಿದ್ದು. ಸುಮಾರು ಅರ್ಧ ಸಿಕ್ಕಿತು. ಉಳಿದ ಅರ್ಧವನ್ನು ಕೇಳಿ ಬರೆಯೋಣವೆಂದರೆ ಹೇಳಿದ ಮಕ್ಕಳಲ್ಲಿ ಹೆಚ್ಚಿನವರು ಕೆಲಸ ಸರಿದತ್ತ ಅಪ್ಪ ಅಮ್ಮನ ಜೊತೆ ಸರಿದುಹೋಗಿದ್ದರು.

ಬುಧವಾರ ಅಷ್ಟನ್ನೇ ಒಯ್ದಳು. ಕಳೆದುಹೋದ ಪದಗಳ ಚೌಕಗಳನ್ನು ಮುಚ್ಚದೆ ಖಾಲಿ ಬಿಟ್ಟು, ಗೊತ್ತಿದ್ದವರು ತುಂಬಿ ಕಳಿಸಿ ಎಂದು ಅಡಿಯಲ್ಲಿ ಬರೆದು ಅಚ್ಚು ಹಾಕಿಸಿದಳಂತೆ. ಕೆಲವು ತಿಂಗಳ ನಂತರ ಚೋರನೂರಿನ ಒಬ್ಬ ಮಾಸ್ತರರು ಪೆನ್ನಿನಲ್ಲಿ ಒಂದಿಷ್ಟು ತುಂಬಿ ಕಳಿಸಿದರು. ಈಗ ಅವಳು ಉದ್ದನೆಯ ನೋಟ್‌ಬುಕ್ಕಿನಲ್ಲೇ ಬರೆಯುತ್ತಾಳೆ. ನಾನು ತಿಂಗಳಿಗೊಮ್ಮೆ ಜೆರಾಕ್ಸ್ ಮಾಡಿಸಿ ಒಂದು ಪ್ರತಿಯನ್ನು ಕಂಪ್ಲಿಯ ಅಕ್ಕನ ಮನೆಯಲ್ಲಿ ಇಟ್ಟು ಬರುತ್ತೇನೆ. ಹೊಳೆ ಬಂದು ಕಂಪ್ಲಿ ಸೇತುವೆ ಮುಳುಗಿದರೆ ಹೇಗೆಂಬ ಚಿಂತೆಗೆ ಕಮಲಾಪುರದಲ್ಲಿ ಇನ್ನೊಂದು.

ಇಡುವ ಮೊದಲು ಓದುತ್ತೇನೆ. ಪಟ್ಟಿಯಲ್ಲಿ ನಾಲ್ಕಲ್ಲ, ಐದು ಕಾಲಂಗಳಿದ್ದವೆಂದು ಹಾಗೆ ಓದುವಾಗಲೇ ನನಗೆ ಗೊತ್ತಾದದ್ದು. ಐದನೆಯದರ ತಲೆಯ ಮೇಲೆ ಭಾಷೆಯ ಹೆಸರಿಲ್ಲ, ‘ಆ ಹುಡುಗಿಯ ಮಾತು’ ಎಂದಿದೆ. ಬಟ್ಟೆ ಒದ್ದೆ ಮಾಡಿಕೊಂಡು ಅತ್ತಿದ್ದಳಲ್ಲ, ಅವಳದು. ಯಾವ ಸೀಮೆಯಿಂದ ಬಂದಿದ್ದರೋ, ಅದು ಯಾವ ಭಾಷೆಯೋ ಶಾಲೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಸನ್ನೆ ಮಾಡಿ ಮಾಡಿ ಹೆಂಡತಿ ಒಂದೊಂದೇ ಮಾತು ಕೇಳಿ ತೆಗೆದಿದ್ದಳು. ಅದನ್ನು ಬೇರೆ ಫೈಲಿನಲ್ಲಿ ಇಟ್ಟಿದ್ದಳಂತೆ, ಸಿಕ್ಕ ತುಂಡುಗಳಲ್ಲಿ ಅದು ಎಲ್ಲೂ ಇರಲಿಲ್ಲ; ಹುಡುಗಿಯೂ ಎಂದೋ ಊರು ಬಿಟ್ಟಿದ್ದಳು. ಚೋರನೂರಿನ ಮಾಸ್ತರರೂ ಅದನ್ನು ತುಂಬಿರಲಿಲ್ಲ. ಪ್ರತಿ ಹೊಸ ನೋಟ್‌ಬುಕ್ಕಿಗೂ ಅವಳು ಗೆರೆ ಎಳೆದು ಐದು ಕಾಲಂ ಮಾಡುತ್ತಾಳೆ, ಕೊನೆಯದನ್ನು ಹಾಗೇ ಬಿಡುತ್ತಾಳೆ. ನಾನು ಆ ಖಾಲಿ ಕಾಲಮ್ಮನ್ನೂ ಸೇರಿಸಿಯೇ ಜೆರಾಕ್ಸ್ ಮಾಡಿಸುತ್ತೇನೆ.