ಕಿಟಕಿ ಪಕ್ಕದ ಸೀಟು

ಕಳಂಬೋಲಿಯ ನಮ್ಮ ಕಬ್ಬಿಣದ ಅಂಗಡಿಯಲ್ಲಿ ಮಾಲು ಕಳಿಸುವುದನ್ನು ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದರು. ಕೇಳಿಕೊಂಡು ಬಂದವರು ಡೊಂಬಿವಲಿಯಲ್ಲಿರುವ ಕುಂದಾಪುರದವರು. ಐವತ್ತು ದಾಟಿತ್ತು. ದಾದರಿನಲ್ಲಿದ್ದ ಅವರ ಕಂಪನಿ ಗುಜರಾತಿಗೆ ಹೋದದ್ದರಿಂದ ಕೆಲಸವಿಲ್ಲದೆ ಐದು ತಿಂಗಳಾಗಿತ್ತಂತೆ.

"ಇಪ್ಪತ್ತೆರಡು ವರ್ಷ ಒಂದೇ ಕಡೆಯಾ? ಬೇರೆ ಯಾರೂ ಕರೆಯಲಿಲ್ಲವಾ?" ಎಂದೆ.

"ಕರೆದಿದ್ರು ಸೇಟ್, ಎರಡು ಸಲ. ತುರ್ಭೆಯಲ್ಲಿ ಮ್ಯಾನೇಜರ್ ಕೆಲಸ. ಆದ್ರೆ ನಂದು ಡೊಂಬಿವಲಿಯಿಂದಲೇ ಹೊರಡುವ ಲೋಕಲ್ ಟ್ರೈನು. ದಿನಾ ಒಟ್ಟಿಗೆ ಹೋಗುವ ನಮ್ಮ ಗ್ರೂಪಿನವರು ಕಿಟಕಿ ಪಕ್ಕ ಸೀಟು ಹಿಡಿದಿಡ್ತಾರೆ. ತುರ್ಭೆಗಾದ್ರೆ ಠಾಣೆಯಲ್ಲಿ ಗಾಡಿ ಬದಲಿಸಿ ನಿಂತೇ ಹೋಗ್ಬೇಕಲ್ಲ?"

ನಗು ಬಂತು, ನುಂಗಿಕೊಂಡೆ. "ಈಗ?"

"ಈಗಲೂ ಸೀಟು ಉಂಟು. ದಿನಾ ಊಟದ ಡಬ್ಬಿ ಹಿಡ್ಕೊಂಡು ಹೋಗಿ ಕೂತ್ಕೊಳ್ತೇನೆ. ಮನೆಯಲ್ಲೂ ಹೇಳ್ಲಿಲ್ಲ, ಗ್ರೂಪಿನಲ್ಲೂ ಹೇಳ್ಲಿಲ್ಲ. ದಾದರಲ್ಲಿ ಇಳಿದು, ಸಂಜೆವರೆಗೆ ಅಲ್ಲೇ ಎಲ್ಲಾದ್ರೂ ಇದ್ದು ವಾಪಸ್ ಬರ್ತೇನೆ."

ನಗು ಹೋಯಿತು. ಈ ವಯಸ್ಸಿನವರನ್ನು ನಮ್ಮ ಬಜಾರಿನಲ್ಲಿ ಇನ್ನೊಬ್ಬ ವ್ಯಾಪಾರಿ ಇಟ್ಟುಕೊಳ್ಳುವುದಿಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಸೋಮವಾರದಿಂದ ಬನ್ನಿ ಎಂದೆ.

ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಸೇಟ್, ಬೆಳಿಗ್ಗೆ ಈ ಕಡೆ ಬರುವ ಬಸ್ಸು ರಶ್ಶಾ?"

"ಕಾಲಿಡೋಕೂ ಜಾಗ ಇರಲ್ಲ" ಎಂದೆ. ಗಿರಾಕಿಗಳಿಗೆ ದಿನಕ್ಕೆ ಹತ್ತು ಸುಳ್ಳು ಹೇಳುವವನಿಗೆ, ಬೇಕಾದಾಗ ಒಂದೂ ಬಾಯಿಗೆ ಬರಲಿಲ್ಲ.

ಸೋಮವಾರ ಅವರು ಬರಲಿಲ್ಲ. ಫೋನೂ ಎತ್ತಲಿಲ್ಲ. ಆ ಹೊತ್ತಿಗೆ ಎಲ್ಲಿ ಕೂತಿದ್ದರೆಂದು ಬೇರೆ ಹೇಳಬೇಕಾಗಿಲ್ಲ.

ಅವರಿಗೆಂದು ಒರೆಸಿಟ್ಟ ಕುರ್ಚಿ ಇನ್ನೂ ಖಾಲಿಯೇ ಇದೆ. ಅದೂ ಕಿಟಕಿ ಪಕ್ಕದ್ದೇ. ಅವರಿಗೆ ಹೇಳಲು ಮರೆತಿದ್ದೆ.