ಗೋಡೆ ತೊಳೆಯಬೇಡಿ ಎನ್ನುವ ಡೊಂಬಯ್ಯ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೋಡಿಂಬಾಳದ ಹೊಳೆಬದಿಯ ಮನೆಗಳಿಂದ ರಾತ್ರಿಯಷ್ಟೇ ನೀರು ಇಳಿದಿದೆ. ಸಿಸಿಲಿ ನೈಟಿ ಎತ್ತಿ ಕಟ್ಟಿ, ತೆಂಗಿನಕಡ್ಡಿಯ ಹಿಡಿಸೂಡಿ ಹಿಡಿದು ಜಗಲಿಯ ಗೋಡೆಗೆ ನೀರು ಎರಚಬೇಕು ಅನ್ನುವಷ್ಟರಲ್ಲಿ ಅಂಗಳದಾಚೆಯಿಂದ ಕೂಗು ಬರುತ್ತದೆ.

"ಚೇಚೀ, ಹಿಡಿಸೂಡಿ ಕೆಳಗೆ ಹಾಕಿ! ಗೋಡೆ ಮುಟ್ಟಬೇಡಿ!"

"ಎಂತ ಡೊಂಬಯ್ಯ, ಕೆಸರಲ್ಲಿ ಕೂತು ಕಾಫಿ ಕುಡಿಬೇಕಾ ನಾವು?"

"ಕುಡೀರಿ, ನನಗೂ ಒಂದು ಲೋಟ ಕೊಡಿ. ನೆಲ ಬೇಕಾದ್ರೆ ತೊಳೀರಿ. ಗೋಡೆಯದ್ದು ಇಂಜಿನಿಯರ್ ಬಂದು ಫೋಟೊ ತೆಗೆಯುವಲ್ಲಿವರೆಗೆ ಬೇಡ."

ಅಷ್ಟು ಹೇಳಿ, ಕಾಫಿಗೂ ಕಾಯದೆ ಡೊಂಬಯ್ಯ ಮುಂದಿನ ಮನೆಯ ಕಡೆ ಹೊರಡುತ್ತಾರೆ. ಕೊಡೆಯ ಒಂದು ಕಡ್ಡಿ ಮುರಿದಿದೆ. ಚಪ್ಪಲಿ ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತದೆಂದು ಅದನ್ನು ಕೈಯಲ್ಲೇ ಹಿಡಿದಿದ್ದಾರೆ. ಇದು ಈ ಸಲದ ಜಡಿಮಳೆಯ ಆಟಿ ತಿಂಗಳ ಒಂದು ಬೆಳಿಗ್ಗೆ.

ಡೊಂಬಯ್ಯ ಇಲ್ಲಿನ ಉಗ್ರಾಣಿ. ಕಂದಾಯ ಇಲಾಖೆಯ ಕಡತದಲ್ಲಿ ಗ್ರಾಮ ಸಹಾಯಕ ಎಂದಿದ್ದರೂ ಊರಿನವರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಅವರ ತಂದೆಯೂ ಇದೇ ಕೆಲಸದಲ್ಲಿದ್ದವರು. ಸರ್ವೆಯವರಿಗೆ ಗಡಿಕಲ್ಲು ತೋರಿಸುವುದು, ಚುನಾವಣೆಗೆ ಶಾಲೆಯ ಬೀಗ ತೆಗೆಸುವುದು, ಹೊಳೆಯಲ್ಲಿ ಹೆಣ ಸಿಕ್ಕರೆ ಪೊಲೀಸರು ಬರುವವರೆಗೆ ದಡದಲ್ಲಿ ನಿಲ್ಲುವುದು ಎಲ್ಲವೂ ಇವರ ಪಾಲಿಗೆ. ಸರಕಾರ ಊರಿಗೆ ಬಂದರೆ ಮುಂದೆ ನಡೆಯುವವರು ಇವರು; ಫೋಟೊ ತೆಗೆಯುವಾಗ ಪಕ್ಕಕ್ಕೆ ಸರಿಯುವವರೂ ಇವರೇ.

ನೆರೆ ಬಂದ ಮೇಲೆ ಈ ಕೆಲಸಕ್ಕೆ ಬೇರೆಯೇ ಭಾರ ಬರುತ್ತದೆ. ವಿಪತ್ತು ಪರಿಹಾರದ ನಿಧಿಯಲ್ಲಿ ದೊಡ್ಡ ಪಾಲು ಕೇಂದ್ರದ್ದು, ಉಳಿದದ್ದು ರಾಜ್ಯದ್ದು. ದೆಹಲಿಯಲ್ಲಿ, ಬೆಂಗಳೂರಿನಲ್ಲಿ ಮಾನದಂಡಗಳು ತಯಾರಾಗುತ್ತವೆ. ಆದರೆ ಒಂದು ಮನೆಗೆ ಎಷ್ಟು ಸಿಗಬೇಕೆಂಬುದು ನಿರ್ಧಾರವಾಗುವುದು ಆ ಮನೆಯ ಅಂಗಳದಲ್ಲೇ. ಇಂಜಿನಿಯರ್ ಮತ್ತು ಗ್ರಾಮ ಆಡಳಿತಾಧಿಕಾರಿ ಬಂದು ನೋಡಿ, ಮನೆ ಪೂರ್ತಿ ಹೋಗಿದೆಯೋ, ತೀವ್ರವಾಗಿ ಹಾಳಾಗಿದೆಯೋ, ಅಲ್ಪಸ್ವಲ್ಪವೋ ಎಂದು ಮೂರರಲ್ಲಿ ಒಂದು ಬಗೆಗೆ ಸೇರಿಸುತ್ತಾರೆ. ಮೊಬೈಲಿನಲ್ಲಿ ತೆಗೆದ ಫೋಟೊ ಅಲ್ಲಿಂದಲೇ ಮೇಲೆ ಹೋಗುತ್ತದೆ. ತೀವ್ರಕ್ಕೆ ಸೇರಿದರೆ ಗೋಡೆ ಮತ್ತೆ ಕಟ್ಟಬಹುದು. ಅಲ್ಪಕ್ಕೆ ಸೇರಿದರೆ ಒಂದಷ್ಟು ಹಂಚು ಬದಲಾಯಿಸಬಹುದು, ಅಷ್ಟೇ.

ನಮ್ಮವರ ಪಚೀತಿ ಇರುವುದು ಇಲ್ಲೇ. ಸರಕಾರದವರು ಮನೆಗೆ ಬರುತ್ತಾರೆಂದರೆ ನಾವು ಮೊದಲು ಮಾಡುವುದು ಮನೆ ಚೊಕ್ಕ ಮಾಡುವುದನ್ನು. ಕೆಸರು ತಿಕ್ಕಿ, ಒಡೆದಲ್ಲಿಗೆ ಮಣ್ಣು ಮೆತ್ತಿ, ಸೆಗಣಿ ಸಾರಿಸಿ, ಬಂದವರಿಗೆ ಬೆಲ್ಲ-ನೀರು ಇಟ್ಟು ಕಾಯುತ್ತೇವೆ. ಮನೆಯ ಕಷ್ಟ ಹೊರಗಿನವರ ಕಣ್ಣಿಗೆ ಬೀಳಬಾರದು ಎಂದೇ ಬೆಳೆದವರು ನಾವು. ಅದನ್ನೇ ತೊಳೆಯದೆ ಇಟ್ಟು ತೋರಿಸಿ ಎಂದರೆ ಮೈಯೇ ಒಪ್ಪುವುದಿಲ್ಲ.

"ಚಂದ ಇದ್ದ ಮನೆಗೆ ಯಾರು ಪರಿಹಾರ ಬರೀತಾರೆ?" ಎನ್ನುತ್ತಾರೆ ಡೊಂಬಯ್ಯ. "ಅದಕ್ಕೆ ನೀರು ಇಳಿದ ಕೂಡಲೇ ನಾನು ಹೊರಡುದು. ಬೈತಾರೆ. ನಿನಗೆ ಬೇರೆ ಕೆಲಸ ಇಲ್ವಾ ಕೇಳ್ತಾರೆ. ಇದೇ ಕೆಲಸ ಅಲ್ವಾ ನನ್ನದು?"

ಆ ಬೆಳಿಗ್ಗೆ ಅವರು ಹೊರಟದ್ದು ಸ್ವಂತ ಮನೆಯಿಂದಲ್ಲ, ಶಾಲೆಯಲ್ಲಿ ತೆರೆದಿದ್ದ ಕಾಳಜಿ ಕೇಂದ್ರದಿಂದ. ಅವರ ಮನೆಗೂ ನೀರು ನುಗ್ಗಿತ್ತು. ಡೊಂಬಯ್ಯ ಹೊಳೆಬದಿಯ ಮನೆಗಳ ಸುತ್ತು ಮುಗಿಸುವಷ್ಟರಲ್ಲಿ ಅವರ ತಾಯಿ ಚೆನ್ನು ಕೇಂದ್ರದಿಂದ ಮನೆ ಸೇರಿದ್ದರು. ನಾಳೆ ಇಂಜಿನಿಯರ್ ಬರುತ್ತಾರೆಂದು ಯಾರೋ ಹೇಳಿದ್ದೇ ಸಾಕಾಯಿತು. ಗೋಡೆಯನ್ನು ತೆಂಗಿನ ನಾರಿನ ಚೊಪ್ಪೆಯಿಂದ ತಿಕ್ಕಿದರು, ಬಿರುಕಿಗೆ ಕೆಮ್ಮಣ್ಣು ಮೆತ್ತಿದರು, ಅದರ ಮೇಲೆ ನುಣ್ಣಗೆ ಒಂದು ಕೈ ಬಳಿದರು. ಡೊಂಬಯ್ಯ ಮಧ್ಯಾಹ್ನ ಬಂದಾಗ ಮನೆ ಹಬ್ಬಕ್ಕೆ ಸಿಂಗರಿಸಿದ ಹಾಗಿತ್ತು.

"ಅಪ್ಪೆಗೆ ನಾನು ಎಂತ ಹೇಳುದು?" ಎಂದು ಅವರು ತಾಯಿಯನ್ನು ತೋರಿಸಿ ನಗುತ್ತಾರೆ. "ಸೊಂಟ ನೋವಿನಲ್ಲಿ ಬಗ್ಗಿ ಮಾಡಿದ್ದು. ಚಂದ ಆಯ್ತು ಅಂದೆ."

ಚೆನ್ನು ಬಿಡುವುದಿಲ್ಲ. "ಆಫೀಸರು ಬರುವಾಗ ಹಂದಿ ಗೂಡಿನ ಹಾಗೆ ಇಡ್ಬೇಕಿತ್ತಾ? ಊರಿಗೆಲ್ಲ ಹೇಳಿದವ ನನಗೆ ಹೇಳಿದ್ದಾನಾ? ಕೇಳಿ ನೀವೇ!"

ಮರುದಿನ ಬಂದ ಯುವ ಇಂಜಿನಿಯರ್ ಅಕ್ಷಿತ್ ಗೋಡೆ ನೋಡಿ, "ನಿಮ್ಮದು ಬಚಾವಾಯ್ತು ಮಾರಾಯ್ರೆ" ಎಂದು ಅಲ್ಪ ಹಾನಿಗೆ ಸೇರಿಸಿದರು. ಡೊಂಬಯ್ಯ ಉಳಿದ ಮನೆಗಳಿಗೆ ಅವರನ್ನು ಕರೆದುಕೊಂಡು ಹೋದರು, ಎಂದಿನಂತೆ ಅಳತೆ ಟೇಪಿನ ಒಂದು ತುದಿ ಹಿಡಿದುಕೊಂಡು.

ಮಣ್ಣಿನ ಗೋಡೆಯ ಗುಣವೇ ಬೇರೆ. ಒದ್ದೆ ಇರುವಷ್ಟು ದಿನ ನಿಂತೇ ಇರುತ್ತದೆ, ಬಿಸಿಲು ಬಿದ್ದ ಮೇಲೆ ಬಾಯಿ ಬಿಡುತ್ತದೆ. ವಾರದ ನಂತರ ಮಳೆ ಬಿಟ್ಟಿತು. ಕೆಮ್ಮಣ್ಣು ಚಕ್ಕೆ ಚಕ್ಕೆಯಾಗಿ ಉದುರಿತು. ಹಿಂದಿನ ಗೋಡೆ ಹೊರಕ್ಕೆ ಬಾಗಿತು. ಚೆನ್ನು ಮಲಗುತ್ತಿದ್ದದ್ದು ಆ ಗೋಡೆಯ ಬುಡದಲ್ಲೇ. ಈಗ ಅಲ್ಲಿಗೆ ಅಡಕೆ ಮರದ ಊರುಗೋಲು ಕೊಟ್ಟು ನಿಲ್ಲಿಸಿದ್ದಾರೆ. ತಾಯಿಯ ಚಾಪೆ ಜಗಲಿಗೆ ಬಂದಿದೆ.

ಮರುಪರಿಶೀಲನೆಗೆ ಅವಕಾಶವಿದೆ. ಇಂಥ ಮನೆಗಳ ಪರವಾಗಿ ತಾಲೂಕು ಕಚೇರಿಗೆ ನಡೆದು ನಡೆದು ಚಪ್ಪಲಿ ಸವೆಸಿದವರು ಇದೇ ಡೊಂಬಯ್ಯ. ತನ್ನ ಮನೆಯ ವಿಷಯಕ್ಕೆ ಮಾತ್ರ ಹೋಗಲಿಲ್ಲ.

"ಉಗ್ರಾಣಿ ತನ್ನ ಮನೆಯದ್ದು ಮೊದಲು ತಿದ್ದಿಸಿಕೊಂಡ ಅಂತ ಒಬ್ಬ ಹೇಳಿದ್ರೆ ಸಾಕು. ಮತ್ತೆ ನಾನು ಯಾರ ಅಂಗಳಕ್ಕೆ ಹೋಗಿ ಗೋಡೆ ತೊಳಿಬೇಡಿ ಅನ್ನುದು? ಯಾರು ಕೇಳ್ತಾರೆ?"

ವಿಷಯ ಸಿಸಿಲಿಯ ಕಿವಿಗೆ ಬಿತ್ತು. ಅವರ ಮನೆ ತೀವ್ರ ಹಾನಿಗೆ ಸೇರಿದೆ, ಗೋಡೆಯ ಕೆಲಸವೂ ಶುರುವಾಗಿದೆ. ನೆರೆಕರೆಯ ನಾಲ್ಕು ಮನೆಯವರನ್ನು ಕೂಡಿಸಿಕೊಂಡು ಅವರೇ ತಹಶೀಲ್ದಾರರ ಮುಂದೆ ನಿಂತರು.

"ನನ್ನ ಕೈಯ ಹಿಡಿಸೂಡಿ ಕೆಳಗೆ ಹಾಕಿಸಿದವ, ಅಮ್ಮನ ಕೈ ಹಿಡಿಲಿಕ್ಕೆ ಆಗ್ಲಿಲ್ಲ ನೋಡಿ!" ಸಿಸಿಲಿ ಡೊಂಬಯ್ಯನವರ ಎದುರಲ್ಲೇ ಹೇಳುತ್ತಾರೆ. "ಇವನಿಗೆ ಊರಿನವರ ಬಾಯಿಯ ಹೆದರಿಕೆ. ಊರಿನವರೇ ಹೋಗಿ ಹೇಳಿದ್ರೆ? ಆಗ ಎಂತ ಮಾಡ್ತಾನೆ?"

ಕಳೆದ ಬುಧವಾರ ಅಕ್ಷಿತ್ ಮತ್ತೆ ಬಂದರು. "ಅವತ್ತೇ ನನಗೆ ಒಂದು ಮಾತು ಹೇಳ್ಬಹುದಿತ್ತಲ್ಲ ನೀವು?"

"ನೀವು ಕಂಡದ್ದು ಬರೆದ್ರಿ ಸರ್. ಅವತ್ತು ಕಾಣ್ಲಿಕ್ಕೆ ಎಂತ ಇತ್ತು?"

ಟೇಪು ಬಿಚ್ಚಿದಾಗ ಅಭ್ಯಾಸಬಲದಿಂದ ಡೊಂಬಯ್ಯನವರ ಕೈ ಮುಂದೆ ಹೋಯಿತು, ಅಷ್ಟೇ ಬೇಗ ಹಿಂದೆ ಬಂತು. "ಇಲ್ಲಿ ನಾನು ಹಿಡಿಯುದು ಸರಿ ಅಲ್ಲ" ಎಂದು ಅಂಗಳದ ಅಂಚಿಗೆ ಹೋಗಿ ನಿಂತರು. ಸಿಸಿಲಿ ತುದಿ ಹಿಡಿದರು. ಇಂಜಿನಿಯರ್ ಬಾಗಿದ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು, ಬಿರುಕಿಗೆ ಬೆರಳು ಹಾಕಿ ನೋಡಿದರು, ಫೋಟೊ ತೆಗೆದರು. ತೀವ್ರ ಹಾನಿ ಎಂದು ಬರೆದರು. ಬರೆದದ್ದನ್ನು ಓದಿ ಹೇಳುವಾಗ ಡೊಂಬಯ್ಯ ಹೊಳೆಯ ಕಡೆಗೆ ಮುಖ ಮಾಡಿ ನಿಂತಿದ್ದರು.

ತಹಶೀಲ್ದಾರರ ಒಪ್ಪಿಗೆ ಇನ್ನೂ ಬರಬೇಕು. ಊರುಗೋಲು ಅಲ್ಲೇ ಇದೆ. ಹೊಸ ಗೋಡೆ ಯಾವ ಕಲ್ಲಿನದ್ದೆಂದು ಕೇಳಿದರೆ ಡೊಂಬಯ್ಯ, ಒಪ್ಪಿಗೆ ಬಂದ ಮೇಲೆ ನೋಡುವ ಎನ್ನುತ್ತಾರೆ. ಮುಂದಿನ ವರ್ಷ ನೆರೆ ಬಂದರೆ?

"ಮೊದಲು ಅಪ್ಪೆಗೆ ಹೇಳಿ, ಮತ್ತೆ ಹೊರಡುದು" ಎಂದು ತಾಯಿಯ ಕಡೆ ನೋಡುತ್ತಾರೆ.

ಜಗಲಿಯಲ್ಲಿ ಎಲೆ-ಅಡಕೆ ಹಾಕುತ್ತಿದ್ದ ಚೆನ್ನು ಬಾಯಿ ಖಾಲಿ ಮಾಡಿಕೊಂಡು ಹೇಳುತ್ತಾರೆ. "ನನಗೆ ಹೇಳ್ಲಿಕ್ಕೆ ಕೂತ್ಕೊಳ್ಬೇಡ. ಅಷ್ಟು ಹೊತ್ತಿಗೆ ಹೊಳೆಬದಿಯವರು ತೊಳೆದು ಆಗ್ತದೆ. ನೀನು ಮೊದಲು ಅಲ್ಲಿಗೆ ಹೋಗು."